ನೂರು ವರ್ಷದ ಒಂದು ವಿಚಾರ: ಪಾಲಿಮರುಗಳ ರಚನೆ ಮತ್ತು ಗುಣಧರ್ಮ

(ಶತಮಾನೋತ್ಸವದ ಅಂಗವಾಗಿ ಶಾಲೆಯ ಸಭಾಂಗಣದಲ್ಲಿ ಮುಖ್ಯೋಪಾಧ್ಯಾಯಿನಿಯವರು ನೀಡಿದ ಉಪನ್ಯಾಸದ ಲಿಖಿತ ರೂಪ)



ಶತಮಾನೋತ್ಸವದ ಈ ಉಪನ್ಯಾಸ ಮಾಲೆಯಲ್ಲಿ ಕಾಸರಗೋಡಿನ ಕನ್ನಡದ ಬಗೆಗೆ, ಶಾಲೆಯನ್ನು ಕಟ್ಟಿದವರ ತ್ಯಾಗದ ಬಗೆಗೆ, ನಮ್ಮ ಯಕ್ಷಗಾನ ಪರಂಪರೆಯ ಬಗೆಗೆ ಬಲ್ಲವರು ಮಾತನಾಡಿದ್ದಾರೆ. ಇಂದು ನಾವು ಎತ್ತಿಕೊಂಡಿರುವುದು ರಸಾಯನಶಾಸ್ತ್ರದ ಒಂದು ಪಾಠ. ಹಬ್ಬದ ದಿನ ಪಾಠವೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ.

ಪ್ರತಿ ವರ್ಷ ಮಕ್ಕಳನ್ನು ಸೇರಿಸುವ ಸಮಯದಲ್ಲಿ ಹೆತ್ತವರು ನಮ್ಮೆದುರು ಕುಳಿತು ಒಂದು ಪ್ರಶ್ನೆಯನ್ನು ಕೇಳುತ್ತಾರೆ: “ಕನ್ನಡದಲ್ಲಿ ವಿಜ್ಞಾನ ಕಲಿತರೆ ಮಗುವಿಗೆ ಮುಂದೆ ತೊಂದರೆಯಾಗುವುದಿಲ್ಲವೇ?” ಈ ಪ್ರಶ್ನೆ ಪ್ರಾಮಾಣಿಕವಾದುದು. ಇದಕ್ಕೆ ಅಭಿಮಾನದ ಮಾತುಗಳಿಂದ ಉತ್ತರಿಸಿದರೆ ಸಾಲದು; ಒಂದು ವಿಷಯವನ್ನು ಕನ್ನಡದಲ್ಲಿಯೇ ಬುಡದಿಂದ ತುದಿಯವರೆಗೆ ವಿವರಿಸಿ ತೋರಿಸಬೇಕು. ಎರಡನೆಯ ಕಾರಣ, ಸಂಜೆಯ ಹೊತ್ತು ನಮ್ಮ ಮನೆಗಳ ಹಿತ್ತಿಲಿನಿಂದ ಏಳುವ ಹೊಗೆ. ತರಗೆಲೆಯ ಜತೆಗೆ ಪ್ಲಾಸ್ಟಿಕ್ ಚೀಲ, ಹಳೆಯ ಪೈಪಿನ ತುಂಡು, ಹರಿದ ಚಪ್ಪಲಿ ಇವೆಲ್ಲವನ್ನೂ ರಾಶಿ ಹಾಕಿ ಸುಡುವುದು ಇನ್ನೂ ನಿಂತಿಲ್ಲ. ಹಾಗೆ ಸುಡುವ ವಸ್ತು ಯಾವುದೆಂಬುದು ತಿಳಿದರೆ ಸುಡುವ ಕೈ ಸ್ವಲ್ಪ ತಡೆದೀತು ಎಂಬುದು ನಮ್ಮ ನಂಬಿಕೆ.

ಇನ್ನೊಂದು ಸಂತೋಷದ ಹೊಂದಿಕೆಯೂ ಇದೆ. ಪಾಲಿಮರುಗಳೆಂದರೆ ಬಹು ಉದ್ದದ ಅಣುಗಳು ಎಂಬ ವಿಚಾರವನ್ನು ಹರ್ಮನ್ ಸ್ಟೌಡಿಂಗರ್ ಎಂಬ ಜರ್ಮನ್ ವಿಜ್ಞಾನಿ ಪ್ರಕಟಿಸಿದುದು 1920ರಲ್ಲಿ. ನಮ್ಮ ಶಾಲೆಯ ವಯಸ್ಸೂ ಆ ವಿಚಾರದ ವಯಸ್ಸೂ ಹೆಚ್ಚುಕಡಿಮೆ ಒಂದೇ.

ಪಾಲಿಮರ್ ಎಂದರೇನು?

ಗ್ರೀಕ್ ಭಾಷೆಯಲ್ಲಿ ‘ಪಾಲಿ’ ಎಂದರೆ ಬಹು, ‘ಮೆರೋಸ್’ ಎಂದರೆ ಭಾಗ. ಬಹು ಭಾಗಗಳುಳ್ಳದ್ದು ಪಾಲಿಮರ್. ಅದರ ಒಂದೊಂದು ಭಾಗ ಮಾನೋಮರ್. ಹೂವುಗಳನ್ನು ಒಂದರ ಬಳಿಕ ಒಂದರಂತೆ ಕಟ್ಟಿದರೆ ಮಾಲೆಯಾಗುವಂತೆ, ಸಣ್ಣ ಅಣುಗಳು ಒಂದಕ್ಕೊಂದು ಬಲವಾದ ರಾಸಾಯನಿಕ ಬಂಧದಿಂದ ಜೋಡಿಕೊಂಡು ಸಾವಿರ, ಹತ್ತು ಸಾವಿರ ಘಟಕಗಳ ಸರಪಳಿಯಾದಾಗ ಅದನ್ನು ಪಾಲಿಮರ್ ಎನ್ನುತ್ತೇವೆ.

ಇದರ ಅತ್ಯುತ್ತಮ ಉದಾಹರಣೆ ನಮ್ಮ ಗುಡ್ಡಗಳಲ್ಲಿಯೇ ಇದೆ. ಬೆಳಗಿನ ಜಾವ ರಬ್ಬರ್ ಮರದ ತೊಗಟೆಯನ್ನು ಓರೆಯಾಗಿ ಕೆತ್ತಿ, ಗೆರಟೆಯಲ್ಲಿ ಹಾಲು ಹಿಡಿಯುವ ಕೆಲಸವನ್ನು ಈ ಸಭೆಯಲ್ಲಿರುವ ಅನೇಕ ರಕ್ಷಕರು ದಿನವೂ ಮಾಡುತ್ತಾರೆ. ಆ ಹಾಲಿನಲ್ಲಿ ಶೇಕಡಾ 30ರಿಂದ 40ರಷ್ಟು ರಬ್ಬರು; ಉಳಿದುದರಲ್ಲಿ ಬಹುಪಾಲು ನೀರು. ರಬ್ಬರಿನ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲಿಕೊಂಡಿರುತ್ತವೆ. ಕಣಗಳ ಮೇಲ್ಮೈಯಲ್ಲಿರುವ ಋಣ ವಿದ್ಯುದಂಶದಿಂದಾಗಿ ಅವು ಒಂದನ್ನೊಂದು ದೂರ ತಳ್ಳುತ್ತಾ ಬೇರೆಬೇರೆಯಾಗಿಯೇ ಉಳಿಯುತ್ತವೆ. ಟ್ರೇಯಲ್ಲಿ ಸ್ವಲ್ಪ ಫಾರ್ಮಿಕ್ ಆಮ್ಲವನ್ನು ಸೇರಿಸಿದೊಡನೆ ಆ ವಿದ್ಯುದಂಶ ಅಳಿಯುತ್ತದೆ; ಹುಳಿ ಹಿಂಡಿದಾಗ ಹಾಲು ಒಡೆಯುವಂತೆ ಕಣಗಳು ಒಟ್ಟುಗೂಡಿ ಗಟ್ಟಿಯಾಗುತ್ತವೆ. ಅದನ್ನು ಒತ್ತಿ, ಹಾಳೆ ಮಾಡಿ, ಹೊಗೆಯಲ್ಲಿ ಒಣಗಿಸಿದರೆ ಪೇಟೆಗೆ ಹೋಗುವ ಶೀಟು ಸಿದ್ಧ.

ಈ ರಬ್ಬರಿನ ಮಾನೋಮರ್ ಐಸೋಪ್ರೀನ್. ಐದು ಕಾರ್ಬನ್ ಮತ್ತು ಎಂಟು ಹೈಡ್ರೋಜನ್ ಪರಮಾಣುಗಳ ಈ ಘಟಕದ ಅಣುತೂಕ 68. ರಬ್ಬರಿನ ಒಂದು ಸರಪಳಿಯ ಅಣುತೂಕ ಹತ್ತು ಲಕ್ಷವೆಂದು ಇಟ್ಟುಕೊಂಡರೆ, ಅದರಲ್ಲಿ ಸುಮಾರು 14,700 ಘಟಕಗಳಿರುತ್ತವೆ. ಮರವು ಇಷ್ಟು ಉದ್ದದ ಮಾಲೆಯನ್ನು ಯಾವ ಕಾರ್ಖಾನೆಯ ನೆರವೂ ಇಲ್ಲದೆ ತನ್ನ ತೊಗಟೆಯೊಳಗೆ ಕಟ್ಟುತ್ತದೆ. ಬ್ರೆಜಿಲಿನ ಈ ಮರದ ಬೀಜಗಳನ್ನು 1876ರಲ್ಲಿ ಹೆನ್ರಿ ವಿಕಮ್ ಇಂಗ್ಲೆಂಡಿಗೆ ಒಯ್ದನು. ಅಲ್ಲಿಂದ ಸಸಿಗಳು ಸಿಲೋನಿಗೆ ಬಂದವು. ಭಾರತದಲ್ಲಿ ವಾಣಿಜ್ಯ ಉದ್ದೇಶದ ಮೊದಲ ರಬ್ಬರ್ ತೋಟವು 1902ರಲ್ಲಿ ಪೆರಿಯಾರ್ ತೀರದ ತಟ್ಟೇಕ್ಕಾಡಿನಲ್ಲಿ ಆರಂಭವಾಯಿತು.

ಉದ್ದದ ಮಹಿಮೆ

ಅಣು ಉದ್ದವಾದ ಮಾತ್ರಕ್ಕೆ ವಸ್ತುವಿನ ಸ್ವಭಾವ ಬದಲಾಗುವುದೇ? ಇದನ್ನು ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಗ್ಯಾಸ್ ಸಿಲಿಂಡರಿನೊಳಗಿನ ಪ್ರೊಪೇನ್, ಬ್ಯೂಟೇನ್‌ಗಳಲ್ಲಿ ಮೂರು ಇಲ್ಲವೇ ನಾಲ್ಕು ಕಾರ್ಬನ್ ಪರಮಾಣುಗಳ ಸಾಲು ಇದೆ. ಹೊರಬಿಟ್ಟರೆ ಅದು ಅನಿಲ. ಸ್ಕೂಟರಿಗೆ ಹಾಕುವ ಪೆಟ್ರೋಲಿನಲ್ಲಿ ಐದರಿಂದ ಹನ್ನೆರಡರವರೆಗಿನ ಕಾರ್ಬನ್‌ಗಳು; ಅದು ದ್ರವ. ಮೇಣದ ಬತ್ತಿಯಲ್ಲಿ ಇಪ್ಪತ್ತರಿಂದ ನಲವತ್ತು. ಅದು ಘನ, ಆದರೆ ಉಗುರಿನಿಂದ ಕೆರೆದರೆ ಪುಡಿಯಾಗುವಷ್ಟು ಮೃದು. ಇದೇ ಸಾಲು ಸಾವಿರಾರು ಕಾರ್ಬನ್‌ಗಳವರೆಗೆ ಬೆಳೆದರೆ ದೊರೆಯುವುದು ಪಾಲಿಥೀನ್, ಅಂದರೆ ಹಾಲಿನ ಪ್ಯಾಕೆಟ್. ಮೇಣ ಮತ್ತು ಪಾಲಿಥೀನ್‌ಗಳಲ್ಲಿ ಇರುವುದು ಕಾರ್ಬನ್ ಮತ್ತು ಹೈಡ್ರೋಜನ್ ಎರಡೇ, ಅವು ಜೋಡಿಕೊಂಡ ಬಗೆಯೂ ಬಹುಮಟ್ಟಿಗೆ ಒಂದೇ. ಆದರೂ ಮೇಣ ಮುರಿಯುತ್ತದೆ, ಪ್ಯಾಕೆಟ್ ಜಗ್ಗುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಸಿಕ್ಕು. ನಮ್ಮ ಕಡೆ ಸೇಮಿಗೆ ಎನ್ನುವ ಒತ್ತು ಶಾವಿಗೆಯನ್ನು ನೆನಪಿಸಿಕೊಳ್ಳಿರಿ. ಅದನ್ನು ಚಿಕ್ಕ ತುಂಡುಗಳನ್ನಾಗಿ ಕತ್ತರಿಸಿದ್ದರೆ ಚಮಚದಿಂದ ಸುಲಭವಾಗಿ ತೆಗೆಯಬಹುದು. ಉದ್ದವಾಗಿಯೇ ಇದ್ದರೆ ಒಂದನ್ನು ಎಳೆದಾಗ ಹತ್ತು ಎಳೆಗಳು ಜತೆಯಲ್ಲಿ ಬರುತ್ತವೆ. ಉದ್ದದ ಅಣುಗಳೂ ಹೀಗೆಯೇ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅಲ್ಲದೆ ಸರಪಳಿಯ ಒಂದೊಂದು ಅಂಶವೂ ಪಕ್ಕದ ಸರಪಳಿಯನ್ನು ಸ್ವಲ್ಪಸ್ವಲ್ಪವೇ ಆಕರ್ಷಿಸುತ್ತದೆ. ಒಂದು ಜಾಗದ ಆಕರ್ಷಣೆ ಕ್ಷುಲ್ಲಕ. ಸಾವಿರಾರು ಜಾಗಗಳದ್ದು ಒಟ್ಟಾದಾಗ ಅದೇ ಬಲ.

ಉದ್ದವೆಂದರೆ ಎಷ್ಟು ಉದ್ದ? ಇಪ್ಪತ್ತು ಸಾವಿರ ಕಾರ್ಬನ್‌ಗಳಿರುವ ಒಂದು ಪಾಲಿಥೀನ್ ಸರಪಳಿಯನ್ನು ನೇರವಾಗಿ ಎಳೆದು ಹಿಡಿಯಲು ಸಾಧ್ಯವಾದರೆ ಅದರ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡೂವರೆ ಪಾಲಿನಷ್ಟಾದೀತು. ಕಣ್ಣಿಗೆ ಅದು ಕಾಣದು. ಆದರೆ ಅದರ ದಪ್ಪಕ್ಕೆ ಹೋಲಿಸಿ ನೋಡಬೇಕು. ಅದನ್ನು ಒಂದು ಮಿಲಿಮೀಟರ್ ದಪ್ಪದ ದಾರವೆಂದು ಭಾವಿಸಿದರೆ ಉದ್ದವು ಸುಮಾರು ಐದು ಮೀಟರ್, ನಮ್ಮ ಹೆಂಗಸರು ಉಡುವ ಸೀರೆಯ ಉದ್ದದಷ್ಟು.

ಒಪ್ಪಿಗೆ ಪಡೆಯಲು ಪಟ್ಟ ಪಾಡು

ಇಂದು ಹತ್ತನೆಯ ತರಗತಿಯ ಮಕ್ಕಳು ಸಲೀಸಾಗಿ ಬರೆಯುವ ಈ ಸಂಗತಿಯನ್ನು ನೂರು ವರ್ಷಗಳ ಹಿಂದೆ ದೊಡ್ಡ ರಸಾಯನಜ್ಞರೂ ಒಪ್ಪಿರಲಿಲ್ಲ. ರಬ್ಬರು, ಪಿಷ್ಟ, ಹತ್ತಿ ಮೊದಲಾದವು ಸಣ್ಣ ಅಣುಗಳ ಗುಂಪುಗಳು, ಯಾವುದೋ ದುರ್ಬಲ ಬಲದಿಂದ ಅವು ಅಂಟಿಕೊಂಡಿವೆ ಎಂಬುದೇ ಆಗಿನ ಪ್ರಬಲ ಅಭಿಪ್ರಾಯವಾಗಿತ್ತು. ಸ್ಟೌಡಿಂಗರ್ ಇದನ್ನು ಪರೀಕ್ಷೆಗೆ ಒಡ್ಡಿದರು. ರಬ್ಬರಿನಲ್ಲಿರುವ ದ್ವಿಬಂಧಗಳ ಉಳಿಕೆ ಬಲವೇ ಸಣ್ಣ ಅಣುಗಳನ್ನು ಅಂಟಿಸಿ ಹಿಡಿದಿದೆ ಎನ್ನುವುದಾದರೆ, ಹೈಡ್ರೋಜನ್ ಸೇರಿಸಿ ಆ ದ್ವಿಬಂಧಗಳನ್ನು ತೆಗೆದೊಡನೆ ಗುಂಪು ಚದರಬೇಕು. ಸುಲಭವಾಗಿ ಆವಿಯಾಗುವ ಸಾಮಾನ್ಯ ವಸ್ತುವೊಂದು ದೊರೆಯಬೇಕು. ಅವರು ಹೈಡ್ರೋಜನ್ ಸೇರಿಸಿ ನೋಡಿದರು. ದೊರೆತ ವಸ್ತು ಆವಿಯಾಗಲಿಲ್ಲ. ಅದರ ದ್ರಾವಣ ರಬ್ಬರಿನ ದ್ರಾವಣದಂತೆಯೇ ವರ್ತಿಸಿತು. ಅಂದರೆ ಅಣು ಮೊದಲಿನಿಂದಲೂ ದೊಡ್ಡದೇ ಆಗಿತ್ತು. 1922ರಲ್ಲಿ ಅವರು ಇಂಥವುಗಳಿಗೆ ‘ಬೃಹದಣು’ ಎಂಬ ಅರ್ಥದ ಹೆಸರನ್ನಿತ್ತರು. ವಿರೋಧ ಮುಂದೆಯೂ ಹಲವು ವರ್ಷ ನಡೆಯಿತು. ನೊಬೆಲ್ ಪ್ರಶಸ್ತಿ ದೊರೆತುದು 1953ರಲ್ಲಿ, ಅವರ ಎಪ್ಪತ್ತೆರಡನೆಯ ವಯಸ್ಸಿನಲ್ಲಿ.

ಮಕ್ಕಳಿಗೆ ನಾವು ಈ ಕಥೆಯನ್ನು ಹೇಳುವುದು ಹೆಸರು ಇಸವಿಗಳನ್ನು ಬಾಯಿಪಾಠ ಮಾಡಿಸುವುದಕ್ಕಾಗಿ ಅಲ್ಲ. ‘ನನ್ನ ಮಾತು ಸುಳ್ಳಾಗಿದ್ದರೆ ಹೀಗಾಗಬೇಕು, ನಿಜವಾಗಿದ್ದರೆ ಹಾಗಾಗಬೇಕು’ ಎಂದು ಮೊದಲೇ ಹೇಳಿ ಅನಂತರ ಪ್ರಯೋಗಕ್ಕೆ ಕೈ ಹಾಕುವ ಧೈರ್ಯವನ್ನು ಅವರು ಗಮನಿಸಲಿ ಎಂದು.

ಜೋಡಿಸುವ ಕ್ರಮ

ಉದ್ದದ ಬಳಿಕ ಎರಡನೆಯ ಅಂಶ, ಘಟಕಗಳನ್ನು ಜೋಡಿಸುವ ಕ್ರಮ. ನಾವು ಉಣ್ಣುವ ಅನ್ನದ ಪಿಷ್ಟವೂ ಅಡಿಕೆ ಹಾಳೆಯ ಸೆಲ್ಯುಲೋಸ್ ಕೂಡ ಗ್ಲೂಕೋಸ್ ಎಂಬ ಒಂದೇ ಮಾನೋಮರಿನಿಂದ ಆದವು. ಪಿಷ್ಟದಲ್ಲಿ ಗ್ಲೂಕೋಸ್ ಘಟಕಗಳು ಒಂದೇ ಮುಖವಾಗಿ ಜೋಡಿಕೊಳ್ಳುವುದರಿಂದ ಸರಪಳಿ ಸುರುಳಿಯಾಗುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಘಟಕ ನೆಟ್ಟಗೆ, ಮುಂದಿನದು ಮಗುಚಿ, ಹೀಗೆ ಕೂಡಿಕೊಳ್ಳುವುದರಿಂದ ಸರಪಳಿ ಕೋಲಿನಂತೆ ನೇರವಾಗಿ ನಿಲ್ಲುತ್ತದೆ. ನೇರವಾದ ಸರಪಳಿಗಳು ಪಕ್ಕಪಕ್ಕದಲ್ಲಿ ಒತ್ತಾಗಿ ಕುಳಿತು, ಹೈಡ್ರೋಜನ್ ಬಂಧಗಳಿಂದ ಬಿಗಿದುಕೊಂಡು ಗಟ್ಟಿಯಾದ ನಾರಾಗುತ್ತವೆ.

ಜೋಡಣೆಯಲ್ಲಿನ ಇಷ್ಟೇ ವ್ಯತ್ಯಾಸದಿಂದ ಒಂದು ಆಹಾರವಾಯಿತು, ಇನ್ನೊಂದು ತಟ್ಟೆಯಾಯಿತು. ಅಕ್ಕಿ ಬೆಂದಾಗ ನೀರು ಸುರುಳಿಗಳ ನಡುವೆ ನುಗ್ಗಿ ಪಿಷ್ಟವನ್ನು ಉಬ್ಬಿಸುತ್ತದೆ, ಗಂಜಿ ದಪ್ಪವಾಗುತ್ತದೆ. ನಮ್ಮ ಹೊಟ್ಟೆಯ ಕಿಣ್ವಗಳು ಅದನ್ನು ಕತ್ತರಿಸಿ ಗ್ಲೂಕೋಸ್ ಮಾಡಿಕೊಳ್ಳುತ್ತವೆ. ಹಾಳೆಯ ತಟ್ಟೆಯ ಮೇಲೆ ಬಿಸಿ ಅನ್ನ ಸಾರು ಬಡಿಸಿದರೂ ತಟ್ಟೆ ಕರಗುವುದಿಲ್ಲ; ಅದರ ಬಂಧವನ್ನು ಕತ್ತರಿಸುವ ಕಿಣ್ವ ಮನುಷ್ಯನಲ್ಲಿಲ್ಲ. ಹಟ್ಟಿಯ ಹಸುವಿಗೆ ಬೈಹುಲ್ಲು ಜೀರ್ಣವಾಗುವುದು ಅದರ ಹೊಟ್ಟೆಯಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳ ಕೃಪೆಯಿಂದ. ಗಂಜಿಗೆ ಒಂದು ತೊಟ್ಟು ಅಯೋಡಿನ್ ದ್ರಾವಣ ಹಾಕಿದರೆ ಅದು ಕಡು ನೀಲಿಯಾಗುತ್ತದೆ, ಏಕೆಂದರೆ ಅಯೋಡಿನ್ ಪಿಷ್ಟದ ಸುರುಳಿಯೊಳಗೆ ಸೇರಿಕೊಳ್ಳುತ್ತದೆ. ನೇರ ಸರಪಳಿಯ ಸೆಲ್ಯುಲೋಸಿನಲ್ಲಿ ಆ ಬಣ್ಣ ಬಾರದು. ಏಳನೆಯ ತರಗತಿಯ ಮಗುವೂ ಮಾಡಬಹುದಾದ ಪರೀಕ್ಷೆ ಇದು.

ಗದ್ದೆಗೆ ಇಳಿಯುವಾಗ ಹಿರಿಯರು ತಲೆಗೆ ಇಡುತ್ತಿದ್ದ ಮುಟ್ಟಾಳೆಯೂ ಹಾಳೆಯದೇ. ಮಕ್ಕಳು ಬರೆಯುವ ಪುಸ್ತಕದ ಪುಟಕ್ಕೂ ನಾವು ಹಾಳೆ ಎಂದೇ ಹೇಳುತ್ತೇವೆ. ಆ ಕಾಗದವೂ ಸೆಲ್ಯುಲೋಸೇ. ನಮ್ಮ ಮಾತಿನಲ್ಲಿ ಒಂದೇ ಹೆಸರು ಪಡೆದ ಎರಡು ವಸ್ತುಗಳು ರಸಾಯನಶಾಸ್ತ್ರದಲ್ಲಿಯೂ ಬಂಧುಗಳಾಗಿರುವುದು ಮಕ್ಕಳಿಗೆ ಬಹಳ ಹಿಡಿಸುತ್ತದೆ.

ರಬ್ಬರಿಗೂ ಇಂಥದೇ ಒಬ್ಬ ದಾಯಾದಿ ಇದ್ದಾನೆ. ಆಗ್ನೇಯ ಏಷ್ಯಾದ ಮರವೊಂದರಿಂದ ದೊರೆಯುವ ಗಟ್ಟಾಪರ್ಚಾ ಕೂಡ ಐಸೋಪ್ರೀನಿನ ಸರಪಳಿಯೇ. ರಬ್ಬರಿನಲ್ಲಿ ಸರಪಳಿಯ ಮುಂದುವರಿಕೆ ದ್ವಿಬಂಧದ ಒಂದೇ ಬದಿಯಲ್ಲಿದೆ. ಗಟ್ಟಾಪರ್ಚಾದಲ್ಲಿ ಎದುರುಬದುರು ಬದಿಗಳಲ್ಲಿದೆ. ಮೊದಲನೆಯದು ಬಾಗುತ್ತಾ ಸಾಗುವುದರಿಂದ ಒತ್ತಾಗಿ ಕೂರಲಾರದು, ಹಾಗಾಗಿ ಮೆತ್ತಗೆ. ಎರಡನೆಯದು ಸಾಲಾಗಿ ಕೂರಬಲ್ಲುದು, ಹಾಗಾಗಿ ಗಟ್ಟಿ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಟೆಲಿಗ್ರಾಫ್ ತಂತಿಗೆ ಗಟ್ಟಾಪರ್ಚಾದ ಹೊದಿಕೆಯಿತ್ತು. ಇಂದಿಗೂ ದಂತವೈದ್ಯರು ಹಲ್ಲಿನ ಬೇರಿನ ನಾಳವನ್ನು ತುಂಬಲು ಅದನ್ನು ಬಳಸುತ್ತಾರೆ.

ರಬ್ಬರು ಏಕೆ ಹಿಂದಕ್ಕೆ ಬರುತ್ತದೆ?

ಮಕ್ಕಳೇ, ಒಂದು ಅಗಲವಾದ ರಬ್ಬರ್ ಬ್ಯಾಂಡನ್ನು ಥಟ್ಟನೆ ಎಳೆದು ಮೇಲ್ದುಟಿಗೆ ತಾಗಿಸಿ ನೋಡಿರಿ, ಬೆಚ್ಚಗೆನಿಸುತ್ತದೆ. ಎಳೆದ ಸ್ಥಿತಿಯಲ್ಲಿಯೇ ಸ್ವಲ್ಪ ಹೊತ್ತು ಹಿಡಿದು, ಸಡಿಲ ಬಿಟ್ಟು ಮತ್ತೆ ತಾಗಿಸಿದರೆ ತಣ್ಣಗೆನಿಸುತ್ತದೆ. ಇದನ್ನು 1805ರಲ್ಲಿ ಮೊದಲು ವರದಿ ಮಾಡಿದವರು ಇಂಗ್ಲೆಂಡಿನ ಜಾನ್ ಗಫ್. ಅವರು ಕಣ್ಣು ಕಾಣದವರು. ತುಟಿಯ ಸ್ಪರ್ಶದಿಂದಲೇ ಇದನ್ನು ಕಂಡುಕೊಂಡರು. ತೂಕ ಕಟ್ಟಿ ಇಳಿಬಿಟ್ಟ ರಬ್ಬರನ್ನು ಬಿಸಿ ಮಾಡಿದರೆ ಅದು ಇನ್ನಷ್ಟು ಹಿಗ್ಗುವುದಿಲ್ಲ, ಕುಗ್ಗುತ್ತದೆ ಎಂಬುದನ್ನೂ ಅವರು ಗುರುತಿಸಿದರು.

ಕಾರಣ ಹೀಗಿದೆ. ಉಷ್ಣದಿಂದಾಗಿ ಸರಪಳಿಗಳು ಸದಾ ಕುಣಿಯುತ್ತಿರುತ್ತವೆ. ಮುದುಡಿ ಸುತ್ತಿಕೊಂಡಿರಲು ಅವುಗಳಿಗೆ ಲೆಕ್ಕವಿಲ್ಲದಷ್ಟು ದಾರಿಗಳಿವೆ, ನೆಟ್ಟಗಿರಲು ಬಹಳ ಕಡಿಮೆ. ಎಳೆದಾಗ ನಾವು ಅವುಗಳನ್ನು ಬಲವಂತವಾಗಿ ಸಾಲಿನಲ್ಲಿ ನಿಲ್ಲಿಸಿದಂತೆ. ಕೈ ಬಿಟ್ಟೊಡನೆ ಅವು ಮರಳಿ ಮುದುಡುತ್ತವೆ. ಬಿಸಿ ಹೆಚ್ಚಿದರೆ ಕುಣಿತ ಹೆಚ್ಚು, ಹಿಂದಕ್ಕೆಳೆಯುವ ಬಲವೂ ಹೆಚ್ಚು. ಬೆಳಗಿನ ಪ್ರಾರ್ಥನೆಯ ಸಾಲು ಮುಗಿದೊಡನೆ ಮೈದಾನದಲ್ಲಿ ನಡೆಯುವುದನ್ನು ನೋಡಿದ ಅಧ್ಯಾಪಕರಿಗೆ ಇದು ಬೇಗ ಅರ್ಥವಾದೀತು.

ಆದರೆ ಹಸಿ ರಬ್ಬರಿನಲ್ಲಿ ಒಂದು ಕೊರತೆಯಿದೆ. ಸರಪಳಿಗಳು ಒಂದರ ಮೇಲೊಂದು ಜಾರುವುದರಿಂದ ಬಹಳ ಹೊತ್ತು ಎಳೆದರೆ ಅದು ಮೊದಲಿನ ಆಕಾರಕ್ಕೆ ಬಾರದು. ಸೆಕೆಯಲ್ಲಿ ಅಂಟಾಗುತ್ತದೆ, ಚಳಿಯಲ್ಲಿ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಈ ಕೊರತೆಯನ್ನು ನೀಗಿದನು. ಗಂಧಕವು ಒಂದು ಸರಪಳಿಯಿಂದ ಇನ್ನೊಂದಕ್ಕೆ ಅಡ್ಡ ಕೊಂಡಿಗಳನ್ನು ಹಾಕುತ್ತದೆ. ಕೊಂಡಿಗಳು ವಿರಳವಾಗಿದ್ದರೆ ರಬ್ಬರ್ ಬ್ಯಾಂಡ್, ಹೆಚ್ಚಿದರೆ ಟಯರು, ಬಹಳ ಹೆಚ್ಚಿದರೆ ಮರದಷ್ಟು ಗಟ್ಟಿಯಾದ ಎಬೊನೈಟ್.

ಇದರಿಂದಲೇ ಪ್ಲಾಸ್ಟಿಕ್‌ಗಳ ಎರಡು ವರ್ಗಗಳೂ ತಿಳಿಯುತ್ತವೆ. ಅಡ್ಡ ಕೊಂಡಿಗಳಿಲ್ಲದ ಪಾಲಿಥೀನ್, ಪಾಲಿಪ್ರೊಪಿಲೀನ್, ಪಿವಿಸಿಗಳನ್ನು ಕಾಯಿಸಿದರೆ ಮೆತ್ತಗಾಗುತ್ತವೆ. ಅಚ್ಚಿಗೆ ಹಾಕಿ ಬೇರೆ ವಸ್ತು ಮಾಡಬಹುದು. ಎಲ್ಲೆಡೆಯೂ ಅಡ್ಡ ಕೊಂಡಿಗಳಿಂದ ಬಿಗಿದ ಬೇಕಲೈಟಿನಂಥವು, ಕುಕ್ಕರಿನ ಹಿಡಿಯನ್ನು ನೆನೆಯಿರಿ, ಕಾಯಿಸಿದರೆ ಕರಗುವುದಿಲ್ಲ. ಬಿಸಿ ಅತಿಯಾದರೆ ಕರಟುತ್ತವೆ ಅಷ್ಟೇ. ಲಿಯೋ ಬೇಕ್‌ಲಂಡ್ 1907ರಲ್ಲಿ ಬೇಕಲೈಟನ್ನು ತಯಾರಿಸಿದನು.

ತಾಪಮಾನ ಮತ್ತು ಒಬ್ಬ ಅಧ್ಯಾಪಕಿ

ಪ್ರತಿಯೊಂದು ಪಾಲಿಮರಿಗೂ ಅದರ ಸರಪಳಿಗಳ ಓಡಾಟ ಹೆಪ್ಪುಗಟ್ಟಿದಂತಾಗುವ ಒಂದು ತಾಪಮಾನವಿದೆ. ಅದಕ್ಕಿಂತ ಕೆಳಗೆ ವಸ್ತು ಗಾಜಿನಂತೆ ಪೆಡಸು, ಮೇಲೆ ಮೆತು. ನೈಸರ್ಗಿಕ ರಬ್ಬರಿಗೆ ಅದು ಸೊನ್ನೆಗಿಂತ ಸುಮಾರು 70 ಡಿಗ್ರಿ ಸೆಲ್ಸಿಯಸ್ ಕೆಳಗೆ. ಪಿವಿಸಿಗೆ ಸೊನ್ನೆಗಿಂತ ಸುಮಾರು 80 ಡಿಗ್ರಿ ಮೇಲೆ. ಆದುದರಿಂದ ತೋಟಕ್ಕೆ ನೀರು ಹಾಯಿಸುವ ಪಿವಿಸಿ ಪೈಪು ನಮ್ಮ ಬಿಸಿಲಿನಲ್ಲಿಯೂ ಗಟ್ಟಿಯಾಗಿದೆ. ಅದೇ ಪಿವಿಸಿಗೆ ಸರಪಳಿಗಳ ನಡುವೆ ನುಸುಳಿ ಅವುಗಳನ್ನು ಸಡಿಲಗೊಳಿಸುವ ಎಣ್ಣೆಯಂಥ ವಸ್ತುವನ್ನು ಬೆರೆಸಿದರೆ ವಿದ್ಯುತ್ ತಂತಿಯ ಬಳುಕುವ ಹೊದಿಕೆಯಾಗುತ್ತದೆ.

ಆ ತಾಪಮಾನವನ್ನು ತಲುಪುವ ಮೊದಲೇ, ಚಳಿ ಹೆಚ್ಚಿದಂತೆ ರಬ್ಬರು ಮಂದವಾಗುತ್ತಾ ಹೋಗುತ್ತದೆ. ಇದನ್ನು ಕಡೆಗಣಿಸಿದರೆ ಏನಾದೀತು ಎಂಬುದನ್ನು ಜಗತ್ತು 1986ರ ಜನವರಿ 28ರಂದು ನೋಡಿತು. ಅಮೆರಿಕದ ಚಾಲೆಂಜರ್ ಗಗನನೌಕೆಯ ರಾಕೆಟ್ಟಿನ ಕೀಲುಗಳನ್ನು ಮುಚ್ಚಲು ರಬ್ಬರಿನ ಬಳೆಗಳನ್ನು ಬಳಸಿದ್ದರು. ಆ ಮುಂಜಾನೆ ವಿಪರೀತ ಚಳಿ. ರಬ್ಬರು ಚುರುಕಾಗಿ ಹಿಗ್ಗಿ ಸಂದನ್ನು ಮುಚ್ಚಲಿಲ್ಲ. ಬಿಸಿ ಅನಿಲ ಹೊರನುಗ್ಗಿತು. ಹಾರಿದ ಎಪ್ಪತ್ತಮೂರನೆಯ ಸೆಕೆಂಡಿನಲ್ಲಿ ನೌಕೆ ಒಡೆದು ಏಳು ಮಂದಿ ತೀರಿಹೋದರು. ಅವರಲ್ಲಿ ಒಬ್ಬರು ಕ್ರಿಸ್ಟಾ ಮೆಕಾಲಿಫ್, ಬಾಹ್ಯಾಕಾಶದಿಂದ ಮಕ್ಕಳಿಗೆ ಪಾಠ ಹೇಳಲು ಹೊರಟಿದ್ದ ಶಾಲಾ ಅಧ್ಯಾಪಕಿ. ಚಳಿಯಲ್ಲಿ ರಬ್ಬರು ವಿಫಲವಾಗಬಹುದೆಂದು ಹಿಂದಿನ ರಾತ್ರಿ ಎಂಜಿನಿಯರರು ಎಚ್ಚರಿಸಿದ್ದರು. ಅನಂತರದ ವಿಚಾರಣೆಯಲ್ಲಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಒಂದು ಲೋಟ ಮಂಜುನೀರಿನಲ್ಲಿ ಅದ್ದಿ, ಅದು ಬೇಗನೆ ಮರಳಿ ಹಿಗ್ಗುವುದಿಲ್ಲವೆಂದು ಎಲ್ಲರೆದುರು ತೋರಿಸಿದರು. ಒಂದು ಲೋಟ ನೀರಿನ ಪ್ರಯೋಗ! ಪ್ರಯೋಗಾಲಯ ಬಡದು ಎಂದು ಕೊರಗುವ ನಮ್ಮಂಥ ಶಾಲೆಗಳು ಇದನ್ನು ಮರೆಯಬಾರದು.

ಒಂದೇ ಹೆಸರು, ಬೇರೆ ಬೇರೆ ಗುಣ

ಪಾಲಿಥೀನನ್ನು 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬವರು ಎಥಿಲೀನ್ ಅನಿಲವನ್ನು ಅತಿ ಹೆಚ್ಚಿನ ಒತ್ತಡಕ್ಕೆ ಒಳಪಡಿಸಿದಾಗ ಅನಿರೀಕ್ಷಿತವಾಗಿ ಕಂಡರು. ಹಾಗೆ ಆದ ಸರಪಳಿಗಳಿಗೆ ಅಲ್ಲಲ್ಲಿ ಕವಲುಗಳಿರುತ್ತವೆ. ಕವಲಿರುವ ಸೌದೆಯನ್ನು ಒತ್ತಾಗಿ ಜೋಡಿಸಲಾಗದಂತೆ ಈ ಸರಪಳಿಗಳೂ ಸಡಿಲವಾಗಿರುತ್ತವೆ. ದೊರೆಯುವುದು ಮೆತ್ತನೆಯ ಚೀಲ. 1953ರಲ್ಲಿ ಕಾರ್ಲ್ ಸೀಗ್ಲರ್ ಕಂಡುಹಿಡಿದ ವೇಗವರ್ಧಕದಿಂದ ಕವಲಿಲ್ಲದ ನೇರ ಸರಪಳಿ ಸಾಧ್ಯವಾಯಿತು. ಅದರಿಂದ ಗಟ್ಟಿಯಾದ ಕ್ಯಾನು, ಡ್ರಮ್ಮುಗಳು. ಸೀಗ್ಲರ್ ಮತ್ತು ಇಟಲಿಯ ಜೂಲಿಯೊ ನಾಟ್ಟಾ 1963ರಲ್ಲಿ ನೊಬೆಲ್ ಪಡೆದರು.

ಮನೆಯಲ್ಲಿಯೇ ಮಾಡಬಹುದಾದ ಎರಡು ಪರೀಕ್ಷೆಗಳನ್ನು ಹೇಳುತ್ತೇವೆ. ಪಾಲಿಥೀನ್ ಚೀಲದಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ನಿಧಾನವಾಗಿ ಎಳೆಯಿರಿ. ಒಂದು ಜಾಗದಲ್ಲಿ ಅದು ಸಣ್ಣಗಾಗಿ, ಆ ಸಣ್ಣ ಭಾಗ ಉದ್ದವಾಗುತ್ತಾ ಹೋಗುತ್ತದೆ. ಸಿಕ್ಕಾಗಿದ್ದ ಸರಪಳಿಗಳು ಎಳೆದ ದಿಕ್ಕಿಗೆ ಸಾಲುಗಟ್ಟುವ ಬಗೆ ಅದು. ಆ ದಿಕ್ಕಿನಲ್ಲಿ ಪಟ್ಟಿ ಮೊದಲಿಗಿಂತ ಬಲಿಷ್ಠ. ನೈಲಾನ್ ಹಗ್ಗದ ಬಲದ ಗುಟ್ಟೂ ಇದೇ. ಎರಡನೆಯದಾಗಿ, ನೀರಿನ ಬಾಟಲಿಯ ಒಂದು ಚೂರನ್ನೂ ಅದರ ಮುಚ್ಚಳದ ಒಂದು ಚೂರನ್ನೂ ಬಾಲ್ದಿಯ ನೀರಿಗೆ ಹಾಕಿರಿ. ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ. ಬಾಟಲಿಯ ಪಿಇಟಿ ನೀರಿಗಿಂತ ಸುಮಾರು 1.38 ಪಟ್ಟು ಸಾಂದ್ರ. ಮುಚ್ಚಳದ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ವಸ್ತುವಿನ ತಳದಲ್ಲಿ ತ್ರಿಕೋನದೊಳಗೆ ಬರೆದ 1ರಿಂದ 7ರವರೆಗಿನ ಅಂಕೆ ಈ ಬಗೆಗಳ ಗುರುತು: 1 ಪಿಇಟಿ, 2 ಗಟ್ಟಿ ಪಾಲಿಥೀನ್, 3 ಪಿವಿಸಿ, 4 ಮೆದು ಪಾಲಿಥೀನ್, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಇತರ.

ಹಿತ್ತಿಲಿನ ಹೊಗೆ

ಈಗ ಮೊದಲಿಗೆ ಹೇಳಿದ ಹೊಗೆಯ ವಿಷಯಕ್ಕೆ ಬರುತ್ತೇವೆ. ಮಣ್ಣಿಗೆ ಬಿದ್ದ ಹಾಳೆ ಒಂದೆರಡು ಮಳೆಗಾಲದಲ್ಲಿ ಗೊಬ್ಬರವಾಗುತ್ತದೆ, ಏಕೆಂದರೆ ಸೆಲ್ಯುಲೋಸನ್ನು ಕತ್ತರಿಸಬಲ್ಲ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿ ಯುಗಯುಗಗಳಿಂದ ಇವೆ. ಕಾರ್ಬನ್‌ಗೆ ಕಾರ್ಬನ್ ಬೆಸೆದ ಪಾಲಿಥೀನಿನ ಬೆನ್ನೆಲುಬು ಅವುಗಳಿಗೆ ಹೊಸದು. ಬಿಸಿಲಿಗೆ ಅದು ಚೂರುಚೂರಾಗುತ್ತದೆ, ಆದರೆ ಕೊಳೆಯುವುದಿಲ್ಲ. ನೀರು ತಾಗದ, ಗೆದ್ದಲು ಹತ್ತದ ಯಾವ ಗುಣಕ್ಕಾಗಿ ಮಳೆಗಾಲದಲ್ಲಿ ರಬ್ಬರ್ ಮರದ ಕೆತ್ತನೆಯ ಮೇಲೆ ಪ್ಲಾಸ್ಟಿಕ್ ಮರೆ ಕಟ್ಟುತ್ತೇವೆಯೋ, ಅದೇ ಗುಣ ತೋಟದ ಮಣ್ಣಿನಲ್ಲಿ ಹೊರೆಯಾಗುತ್ತದೆ.

ಸುಟ್ಟರೆ ಪರಿಹಾರವಾಗದು. ಪಿವಿಸಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು, ಶೇಕಡಾ 57ರಷ್ಟು, ಕ್ಲೋರಿನ್. ಅದನ್ನು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಉಸಿರಿನ ನಾಳದ ತೇವದೊಡನೆ ಸೇರಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಹಿತ್ತಿಲಿನ ಮಂದ ಬೆಂಕಿಯಲ್ಲಿ ಡಯಾಕ್ಸಿನ್ ಎಂಬ ಅತಿ ವಿಷಕಾರಿ ವಸ್ತುಗಳೂ ಹುಟ್ಟುತ್ತವೆ. ಅವು ಮಣ್ಣಿನಲ್ಲಿ, ಮೇವಿನಲ್ಲಿ, ಹಾಲಿನಲ್ಲಿ ಉಳಿದುಕೊಳ್ಳುತ್ತವೆ. ಬೆಂಕಿಯ ಬಳಿ ಹೆಚ್ಚು ಹೊತ್ತು ನಿಲ್ಲುವವರು ಮನೆಯ ಹೆಂಗಸರು ಮತ್ತು ಮಕ್ಕಳು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕೇರಳದಲ್ಲಿ 2020ರ ಜನವರಿ 1ರಿಂದ, ದೇಶದಾದ್ಯಂತ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ. ಹರಿತ ಕರ್ಮ ಸೇನೆಯ ಸೋದರಿಯರು ಮನೆಬಾಗಿಲಿಗೆ ಬಂದು ತೊಳೆದು ಒಣಗಿಸಿದ ಪ್ಲಾಸ್ಟಿಕನ್ನು ಒಯ್ಯುತ್ತಾರೆ. ತೊಳೆಯಬೇಕು, ಬೇರ್ಪಡಿಸಬೇಕು ಎಂದು ಅವರು ಹೇಳುವುದರ ಹಿಂದೆ ರಸಾಯನಶಾಸ್ತ್ರವಿದೆ: ಬೇರೆ ಬೇರೆ ಪಾಲಿಮರುಗಳು ಕರಗಿದಾಗಲೂ ಒಂದರೊಡನೊಂದು ಸರಿಯಾಗಿ ಬೆರೆಯುವುದಿಲ್ಲ, ಬೆರಕೆಯಿಂದ ಆದ ವಸ್ತು ದುರ್ಬಲ. ಒಂದೇ ಬಗೆಯದನ್ನು ಕರಗಿಸಿದರೂ ಪ್ರತಿ ಬಾರಿ ಕೆಲವು ಸರಪಳಿಗಳು ತುಂಡಾಗಿ ಗುಣ ಇಳಿಯುತ್ತದೆ. ಆದುದರಿಂದ ಮರುಬಳಕೆಗೂ ಮಿತಿಯಿದೆ. ಮೊದಲು ಬಳಕೆಯೇ ಕಡಿಮೆಯಾಗಬೇಕು. ಈ ಶತಮಾನೋತ್ಸವದ ಊಟಕ್ಕೆ ಹಾಳೆಯ ತಟ್ಟೆಯನ್ನೂ ಬಾಳೆಲೆಯನ್ನೂ ಆರಿಸಿಕೊಂಡುದು ಅದಕ್ಕಾಗಿಯೇ.

ಕನ್ನಡದಲ್ಲಿ ಕಲಿತರೆ

ಕೊನೆಯದಾಗಿ ಹೆತ್ತವರ ಪ್ರಶ್ನೆ. ಈ ಒಂದು ಗಂಟೆಯಲ್ಲಿ ನಾವು ಪಾಲಿಮರ್, ಮಾನೋಮರ್, ಐಸೋಪ್ರೀನ್ ಮೊದಲಾದ ಕೆಲವು ಅಂತರರಾಷ್ಟ್ರೀಯ ಪದಗಳನ್ನು ಹಾಗೆಯೇ ಬಳಸಿದ್ದೇವೆ. ಮುಂದೆ ಇಂಗ್ಲಿಷಿನಲ್ಲಿ ಓದುವಾಗ ಮಗುವಿಗೆ ಇವೇ ಪದಗಳು ಎದುರಾಗುತ್ತವೆ. ಉಳಿದ ಪದಗಳನ್ನು ಹೊಸದಾಗಿ ಕಲಿಯಬೇಕಾದೀತು. ಮೊದಲ ವರ್ಷ ಅದಕ್ಕೆ ಶ್ರಮ ಬೇಕು, ಅದನ್ನು ಮರೆಮಾಚುವುದು ಸರಿಯಲ್ಲ. ಆದರೆ ಸರಪಳಿ ಏಕೆ ಮುದುಡುತ್ತದೆ, ಕೊಂಡಿ ಹಾಕಿದರೆ ಏನಾಗುತ್ತದೆ, ಕವಲಿದ್ದರೆ ಏಕೆ ಮೆತ್ತಗೆ ಎಂಬ ತಿಳಿವಳಿಕೆಯನ್ನು ಎರಡನೆಯ ಬಾರಿ ಕಲಿಯಬೇಕಾಗಿಲ್ಲ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಹವ್ಯಕ ಮಾತನಾಡಿ ಶಾಲೆಗೆ ಬರುವವರು. ಒಂದು ಮಾತಿನಿಂದ ಇನ್ನೊಂದಕ್ಕೆ ದಾಟುವುದು ಅವರಿಗೆ ಹೊಸತಲ್ಲ. ಅರ್ಥವಾಗದೆ ಬಾಯಿಪಾಠ ಮಾಡಿದ ಮಗುವಿಗೆ ದಾಟಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಈ ವರ್ಷದಿಂದ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಮಕ್ಕಳು ಇಂದು ಹೇಳಿದ ಪರೀಕ್ಷೆಗಳನ್ನು ತಾವೇ ಮಾಡಿ, ಕಂಡುದನ್ನು ಕನ್ನಡದಲ್ಲಿ ಬರೆದಿಡುವಂತೆ ನಾವು ಏರ್ಪಾಡು ಮಾಡುತ್ತಿದ್ದೇವೆ. ಹಳೆವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಟಯರು, ಬಣ್ಣ, ಬಟ್ಟೆ, ಪೈಪು, ಔಷಧಗಳ ಉದ್ಯಮಗಳಲ್ಲಿ ದುಡಿಯುವವರಿದ್ದೀರಿ. ತೋಟದಲ್ಲಿ ರಬ್ಬರು ತೆಗೆಯುವವರಿದ್ದೀರಿ. ಧನಸಹಾಯದ ಜತೆಗೆ ನಿಮ್ಮ ಕೆಲಸದ ಒಂದು ವಸ್ತುವನ್ನೂ ಒಂದು ಗಂಟೆಯ ಸಮಯವನ್ನೂ ಶಾಲೆಗೆ ಕೊಡಿರಿ. ಬಂದು ಮಕ್ಕಳ ಮುಂದೆ ಕುಳಿತು ‘ಇದು ಹೀಗೇಕೆ’ ಎಂದು ಅವರು ಕೇಳುವ ಪ್ರಶ್ನೆಗಳಿಗೆ ನಮ್ಮ ಮಾತಿನಲ್ಲಿ ಉತ್ತರಿಸಿರಿ. ರಕ್ಷಕರಲ್ಲಿ ಕೇಳಿಕೊಳ್ಳುವುದು ಇನ್ನೂ ಸಣ್ಣದು: ಇಂದು ಸಂಜೆ ಕಸಕ್ಕೆ ಬೆಂಕಿ ಹಾಕುವ ಮೊದಲು ಅದರಲ್ಲಿ ಏನೇನಿದೆ ಎಂದು ಮಗುವಿನೊಡನೆ ಒಮ್ಮೆ ನೋಡಿರಿ. ಮಗು ನಿಮಗೆ ಅದರ ಹೆಸರು ಹೇಳೀತು.